ಪುನುಗು ಬೆಕ್ಕು
ಮಾಂಸಾಹಾರಿ ಗಣದ ವೈವೆರಿಡೀ ಕುಟುಂಬಕ್ಕೆ ಸೇರಿದ ಸಣ್ಣ ನಿಶಾಚರ ಸ್ತನಿ. ಶಾಸ್ತ್ರೀಯ ನಾಮ ವೈವೆರಿಕ್ಯುಲ ಇಂಡಿಕ. ಇದು ತನ್ನ ಜಾತಿಯ ಏಕೈಕ ಪ್ರಭೇದ. ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯ, ದಕ್ಷಿಣ ಚೀನ ಮತ್ತು ತೈವಾನ್‌ಗಳಲ್ಲಿ ಇದರ ಸಹಜ ನೆಲೆಯಿದೆ. ಮಡಗಾಸ್ಕರಿಗೆ ಮಾನವರಿಂದ ಒಯ್ಯಲ್ಪಟ್ಟಿದೆ. ಹುಲ್ಲುಗಾವಲು, ಕುರುಚಲು ಕಾಡು, ಹೊಲಗದ್ದೆಗಳ ಅಂಚಿನ ಪೊದೆಗಳಲ್ಲಿ ವಾಸ.

ತೂಕ ಸಾಮಾನ್ಯವಾಗಿ 2-4 ಕಿಗ್ರಾಂ. ಮೈಬಣ್ಣ ಕಂದುಮಿಶ್ರಿತ ಬೂದು. ಬೆನ್ನಿನುದ್ದಕ್ಕೂ ಕಪ್ಪು ಗೆರೆಗಳು, ಪಕ್ಕೆಗಳಲ್ಲಿ ಸಾಲು ಚುಕ್ಕೆಗಳು, ಬಾಲದಲ್ಲಿ 6-9 ಕಪ್ಪು ಬಳೆಗಳು ಇವೆ. ಮೂತಿ ಚೂಪು, ಹಣೆ ಕಿರಿದು, ಕಿವಿಗಳು ಪರಸ್ಪರ ಸಮೀಪ. ದೊಡ್ಡ ಪುನುಗು ಬೆಕ್ಕುಗಳಲ್ಲಿರುವ ಬೆನ್ನಿನ ಕೇಸರ ಇದಕ್ಕಿಲ್ಲ.

ಹೆಚ್ಚಾಗಿ ನೆಲದ ಮೇಲೆ ಒಂಟಿಯಾಗಿ ಸಂಚರಿಸಿ ಇಲಿ, ಹಕ್ಕಿ, ಹಾವು, ಕೀಟ, ಹಣ್ಣುಗಳನ್ನು ತಿನ್ನುತ್ತದೆ. ಸೂಲಿಗೆ 2-5 ಮರಿಗಳು. ಗಂಡುಹೆಣ್ಣುಗಳೆರಡರಲ್ಲೂ ಬಾಲದ ಬುಡದ ಬಳಿಯ ಗ್ರಂಥಿಗಳು ಸ್ರವಿಸುವ ಪುನುಗನ್ನು ಗಡಿ ಗುರುತಿಸಲು ಕಲ್ಲು, ಕಾಂಡಗಳಿಗೆ ಉಜ್ಜುತ್ತದೆ. ಈ ದ್ರವ್ಯ ಸುಗಂಧ ತಯಾರಿಕೆಯಲ್ಲೂ ತಿರುಮಲದ ವೆಂಕಟೇಶ್ವರ ದೇವಾಲಯದ ಸೇವೆಯಲ್ಲೂ ಬಳಕೆಯಲ್ಲಿದೆ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ಕನಿಷ್ಠ ಕಾಳಜಿಯ ವರ್ಗದಲ್ಲಿದೆ.