ಚಿಗುರಿಗೆ ಕಾವಲು

ಜಯನಗರ ನಾಲ್ಕನೇ ಬ್ಲಾಕಿನ ಕಾಫಿಪುಡಿ ಅಂಗಡಿಯಲ್ಲಿ ‘ಚಿಕೋರಿ ಎಷ್ಟು ಹಾಕ್ಲಿ ಅಮ್ಮಾ?’ ಅಂತ ಕೇಳಿದಾಗಲೆಲ್ಲ ಕೊಪ್ಪದ ನನ್ನಜ್ಜಿ ಕಣ್ಣೆದುರು ಬರುತ್ತಾಳೆ. ಬೀಜವನ್ನು ಬಾಣಲೆಯಲ್ಲಿ ತಾನೇ ಹುರಿಯುತ್ತಿದ್ದ ಅವಳಿಗೆ ಚಿಕೋರಿ ಕಂಡರೆ ಆಗದು. ಮುಂದೆ ನಾನು ಸಸ್ಯಶಾಸ್ತ್ರ ಪಾಠ ಮಾಡುವವಳಾದೆ. ಚಿಕೋರಿ ಬೇರಿನಲ್ಲಿ ಕೆಫೀನೇ ಇಲ್ಲವೆಂದು ಓದಿದ ದಿನ, ಗೆದ್ದವಳು ಅಜ್ಜಿಯೇ ಅನ್ನಿಸಿತು.

ಬಾಬಾ ಬುಡನ್ 17ನೆಯ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣದ ಬೆಟ್ಟದಲ್ಲಿ ನೆಟ್ಟರೆಂಬ ಕಥೆ ನಮ್ಮಲ್ಲಿ ಮನೆಮಾತು. ಆ ಬೀಜದೊಳಗೆ ಏನಿತ್ತೆಂದು ತಿಳಿಯಲು 1820ರ ಹೊತ್ತಾಯಿತು. ಕವಿ ಗಯಟೆ ಕೊಟ್ಟ ಕಾಫಿಬೀಜದಿಂದ ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ ಕೆಫೀನನ್ನು ಬೇರ್ಪಡಿಸಿದ.

ಗಿಡ ಅದನ್ನು ಮಾಡುವ ಬಗೆ ನನಗೆ ಇಂದಿಗೂ ಸೋಜಿಗ. ಡಿಎನ್‌ಎ ಕಟ್ಟಲು ಬೇಕಾಗುವ ಪ್ಯೂರಿನ್ ಬಗೆಯ ಸರಕಿನಲ್ಲೇ ಒಂದಿಷ್ಟನ್ನು ಗಿಡ ಇತ್ತ ತಿರುಗಿಸುತ್ತದೆ. ಕ್ಸಾಂಥೋಸಿನ್‌ನಿಂದ ಶುರುವಾಗಿ, ಕಿಣ್ವಗಳು ಒಂದಾದ ಮೇಲೊಂದು ಮೂರು ಮೀಥೈಲ್ ಗುಂಪು ಕೂಡಿಸುತ್ತವೆ. ಎರಡು ಕೂಡಿದಾಗ ಥಿಯೋಬ್ರೋಮಿನ್, ಮೂರನೆಯದೂ ಸೇರಿದರೆ ಕೆಫೀನ್. ಈ ಕೆಲಸ ಹೆಚ್ಚಾಗಿ ನಡೆಯುವುದು ಚಿಗುರೆಲೆಯಲ್ಲಿ, ಬಲಿಯುತ್ತಿರುವ ಕಾಯಿಯಲ್ಲಿ. ಹುಳುವಿಗೆ ರುಚಿಸುವುದೂ ಅದೇ ಎಳಸು ಭಾಗ; ಅದನ್ನು ಓಡಿಸಲೆಂದೇ ಕೆಫೀನಿನ ಕಾವಲು. ಎಲೆ ಬಲಿತು ಗಡುಸಾದಂತೆ ತಯಾರಿಕೆ ಇಳಿಯುತ್ತದೆ. ಚಹಾ ಗಿಡ ಈ ವಿದ್ಯೆಯನ್ನು ಕಾಫಿಯಿಂದ ಪಡೆದದ್ದಲ್ಲ, ತನ್ನದೇ ದಾರಿಯಲ್ಲಿ ಕಲಿತದ್ದು. 2014ರಲ್ಲಿ ಕಾಫಿಯ ಜೀನೋಮ್ ಓದಿದವರು ಅದನ್ನು ತೋರಿಸಿದರು.

ಹುಳು ಓಡಿಸುವ ಈ ಕಾವಲು ರೋಗಕ್ಕೆ ಸಾಲಲಿಲ್ಲ. 19ನೆಯ ಶತಮಾನದಲ್ಲಿ ಎಲೆತುಕ್ಕು ರೋಗ ಸಿಲೋನಿನ ಕಾಫಿ ತೋಟಗಳನ್ನು ನುಂಗಿತು, ನಮ್ಮ ಅರೇಬಿಕಾವನ್ನೂ ಬಿಡಲಿಲ್ಲ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆ ಶುರುವಾಯಿತು. ತುಕ್ಕಿಗೆ ಬಗ್ಗದ ರೋಬಸ್ಟಾ ತಗ್ಗಿನ ತೋಟಗಳಲ್ಲಿ ಬೇರೂರಿತು. ಅರೇಬಿಕಾ ಬೀಜದಲ್ಲಿ ಕೆಫೀನ್ ನೂರಕ್ಕೆ 1.2ರಷ್ಟಿದ್ದರೆ ರೋಬಸ್ಟಾದಲ್ಲಿ ಸುಮಾರು ಅದರ ಎರಡರಷ್ಟು. ಬೆಂಗಳೂರಿನ ಗಟ್ಟಿ ಡಿಕಾಕ್ಷನ್‌ಗೆ ಆ ಕಸುವು ಒಗ್ಗಿಹೋಯಿತು. (ಲೋಟದ ಕಹಿಯೆಲ್ಲ ಕೆಫೀನಿನದಲ್ಲ, ಹುರಿದಾಗ ಹುಟ್ಟುವ ಕಹಿಯೇ ಹೆಚ್ಚು.)

ನನ್ನನ್ನು ಹೆಚ್ಚು ಕಾಡಿದ್ದು 2013ರ ಒಂದು ಸಂಶೋಧನೆ. ಕಾಫಿ ಹೂವಿನ ಮಕರಂದದಲ್ಲೂ ಕೆಫೀನ್ ಇದೆ, ಆದರೆ ಜೇನಿಗೆ ಕಹಿಯೆನಿಸದಷ್ಟು ಕಡಿಮೆ. ಅಷ್ಟು ಕುಡಿದ ಜೇನುಹುಳು ಆ ಹೂವಿನ ಕಂಪನ್ನು ಹೆಚ್ಚು ಹೊತ್ತು ನೆನಪಿಡುತ್ತದಂತೆ. ಚಿಗುರಲ್ಲಿ ಹುಳು ಓಡಿಸುವುದು, ಹೂವಲ್ಲಿ ಜೇನನ್ನು ಮತ್ತೆ ಕರೆಯುವುದು, ಎರಡಕ್ಕೂ ಒಂದೇ ಸರಕು.

ನನ್ನ ಟೆರೇಸಿನ ಕುಂಡದಲ್ಲಿ ಒಂದು ಅರೇಬಿಕಾ ಗಿಡವಿದೆ. ಕಳೆದ ಏಪ್ರಿಲ್‌ನಲ್ಲಿ ಮಳೆ ಬಿದ್ದು ಒಂಬತ್ತನೆಯ ದಿನಕ್ಕೆ ರೆಂಬೆಯುದ್ದಕ್ಕೂ ಬೆಳ್ಳಗೆ ಅರಳಿತ್ತು. ಬೆಳಗ್ಗೆ ಏಳಕ್ಕೆ ಲೋಟ ಹಿಡಿದು ಹತ್ತಿದರೆ, ಜೇನು ನನಗಿಂತ ಮೊದಲೇ ಬಂದಿದ್ದವು. ಮರುದಿನವೂ.