ಗೋಡೆ ನೋಡುವ ಕಣ್ಣು

ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಕಟ್ಟಿದ್ದು ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಆದರೆ ಒಂದು ಕಟ್ಟಡದೊಳಗೆ ನಾವು ನಿಶ್ಚಿಂತೆಯಿಂದ ಮಲಗುವುದು ಆ ಎರಡನೆಯವರನ್ನು ನಂಬಿಕೊಂಡೇ.

ಇಂತಹ ಪರೀಕ್ಷೆ ಆಧುನಿಕ ಕಾಲದ ಸೃಷ್ಟಿಯೇನಲ್ಲ. 1377ರಲ್ಲಿ ‘ಮುಖದ್ದಿಮ’ ಬರೆದ ಇಬ್ನ್ ಖಲ್ದೂನ್, ನಗರದ ಮುಹ್ತಸಿಬ್ ಎಂಬ ಅಧಿಕಾರಿಯ ಹೊಣೆಗಳನ್ನು ವಿವರಿಸಿದ್ದಾರೆ. ಬೀಳುವ ಸ್ಥಿತಿಯಲ್ಲಿರುವ ಕಟ್ಟಡಗಳನ್ನು ಮಾಲೀಕರಿಂದಲೇ ಕೆಡವಿಸಿ ದಾರಿಹೋಕರ ಪ್ರಾಣ ಕಾಪಾಡುವುದು ಅವುಗಳಲ್ಲಿ ಒಂದು. ಗೋಡೆಯ ಬಗ್ಗೆ ನೆರೆಹೊರೆಯವರಲ್ಲಿ ವ್ಯಾಜ್ಯ ಬಂದಾಗ ಅಧಿಕಾರಿಗಳು ಕಟ್ಟುವ ಕಸುಬು ಬಲ್ಲವರ ಅಭಿಪ್ರಾಯ ಕೇಳುತ್ತಿದ್ದರು ಎಂದೂ ಅವರು ಹೇಳುತ್ತಾರೆ. ಅಂದರೆ ಅಂದು ಪರೀಕ್ಷಕನ ಕಣ್ಣು ಮತ್ತು ಮೇಸ್ತ್ರಿಯ ಕೈ ಒಟ್ಟಿಗೇ ಇದ್ದವು.

ನಮ್ಮ ನಾಡಿನ ಮೇಸ್ತ್ರಿಯೂ ತೂಗುಗುಂಡು ಇಳಿಬಿಟ್ಟು ಗೋಡೆಯ ನೇರವನ್ನು ನೋಡುತ್ತಿದ್ದ. ಈ ಕಸುಬಿನ ಮಾತುಗಳೇ ಹಲವು ನಾಡುಗಳ ಒಡನಾಟದ ಗುರುತು. ಮೇಸ್ತ್ರಿ ಪೋರ್ಚುಗೀಸಿನಿಂದ, ನಕ್ಷೆ ಅರಬಿಯಿಂದ, ಬುನಾದಿ ಮತ್ತು ಸುರ್ಕಿ ಪಾರಸಿಯಿಂದ ಬಂದವು. ಈ ಕಲಿಕೆ ನಡೆಯುತ್ತಿದ್ದುದು ಗುರುವಿನ ಪಕ್ಕದಲ್ಲಿ ನಿಂತು, ಪುಸ್ತಕದಿಂದಲ್ಲ.

ಬ್ರಿಟಿಷರ ಕಾಲದಲ್ಲಿ ಕೈ ಮತ್ತು ಕಣ್ಣು ಬೇರೆಯಾದವು. 1847ರಲ್ಲಿ ರೂರ್ಕಿಯಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಎಂಜಿನಿಯರುಗಳ ಜೊತೆಗೆ ಲೋಕೋಪಯೋಗಿ ಇಲಾಖೆಗೆ ಬೇಕಾದ ಓವರ್‌ಸಿಯರುಗಳನ್ನೂ ತಯಾರು ಮಾಡಿತು. ಕಟ್ಟುವವನು ಮೇಸ್ತ್ರಿ, ಅಳೆಯುವವನು ಓವರ್‌ಸಿಯರ್. ಆತ ಮಾಡಿದ ಕೆಲಸವನ್ನು ಅಳತೆ ಪುಸ್ತಕದಲ್ಲಿ ಬರೆಯಬೇಕು, ಮೇಲಧಿಕಾರಿ ಅದನ್ನು ಮತ್ತೆ ಪರಿಶೀಲಿಸಬೇಕು, ಆಮೇಲೆ ಹಣ ಪಾವತಿಯಾಗಬೇಕು. ‘ಎಂ.ಬಿ.’ ಎಂದು ಕರೆಯುವ ಆ ಪದ್ಧತಿ ಇಂದಿಗೂ ಉಳಿದಿದೆ.

ಮೈಸೂರು ಸಂಸ್ಥಾನದಲ್ಲಿ ಈ ವಿದ್ಯೆಗೆ ನೆಲೆ ಒದಗಿಸಿದವರು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯವರು. ಅದೇ ಜಿಲ್ಲೆಯ ವಿದುರಾಶ್ವತ್ಥವನ್ನು ನಾಡು ನೆನೆಯುವುದು 1938ರ ಏಪ್ರಿಲ್ 25ರ ಗೋಲಿಬಾರಿಗಾಗಿ. ನಂದಿಬೆಟ್ಟದ ಬಳಿಯ ಮುದ್ದೇನಹಳ್ಳಿಯನ್ನು ನೆನೆಯುವುದು ಸರ್ ಎಂ. ವಿಶ್ವೇಶ್ವರಯ್ಯನವರಿಗಾಗಿ. ಎಂಜಿನಿಯರಿಂಗ್ ಓದಲು ವಿಶ್ವೇಶ್ವರಯ್ಯ ಪುಣೆಗೆ ಹೋಗಬೇಕಾಯಿತು. ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲೇ ಸರಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1943ರಲ್ಲಿ ಅವರ ಪ್ರಯತ್ನದಿಂದಲೇ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಪದವಿಯಷ್ಟೇ ಅಲ್ಲ, ಕಸುಬಿನ ಶಿಕ್ಷಣವೂ ಬೇಕೆಂಬುದು ಅವರ ನಿಲುವಾಗಿತ್ತು.

ಆ ಹೊತ್ತಿಗೆ ಕಟ್ಟಡದ ಸಾಮಗ್ರಿಯೇ ಬದಲಾಗುತ್ತಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಲಾಯಿತು. ಅನಂತರ ಬಂದ ಕಾಂಕ್ರೀಟು ಬೇರೆ ಬಗೆಯದು. ಕಲ್ಲಿನ ಗೋಡೆ ವಾಲಿದರೆ ಕಣ್ಣಿಗೆ ಕಾಣುತ್ತದೆ. ಕಾಂಕ್ರೀಟ್ ಕಂಬದೊಳಗೆ ಕಂಬಿ ಕಡಿಮೆಯಾಗಿದ್ದರೆ, ಸಿಮೆಂಟಿಗೆ ನೀರು ಹೆಚ್ಚಾಗಿದ್ದರೆ, ಒಮ್ಮೆ ಗಿಲಾವು ಮಾಡಿದ ಮೇಲೆ ಯಾರಿಗೂ ತಿಳಿಯದು. ಆದ್ದರಿಂದ ಲಿಖಿತ ನಿಯಮ ಅನಿವಾರ್ಯವಾಯಿತು. ಕಾಂಕ್ರೀಟಿನ ಭಾರತೀಯ ಮಾನಕ ಐ.ಎಸ್. 456 ಮೊದಲು ಪ್ರಕಟವಾದದ್ದು 1953ರಲ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ. ಸಂಹಿತೆಯನ್ನು 1983, 2005 ಮತ್ತು 2016ರಲ್ಲಿ ಪರಿಷ್ಕರಿಸಲಾಯಿತು. ಕಾಂಕ್ರೀಟ್ ಹಾಕುವಾಗಲೇ ಅದರಿಂದ ಮಾದರಿ ತೆಗೆದು, ಅಚ್ಚುಗಳಲ್ಲಿ ಗಟ್ಟಿಯಾಗಿಸಿ, 28 ದಿನಗಳ ನಂತರ ಒತ್ತಿ ಒಡೆದು ಬಲ ನೋಡಬೇಕು ಎಂಬುದು ಇಂತಹ ನಿಯಮಗಳಲ್ಲೊಂದು.

ಆದರೆ ರಾಷ್ಟ್ರೀಯ ಸಂಹಿತೆ ತಾನಾಗಿ ಕಾನೂನಲ್ಲ. ರಾಜ್ಯಗಳು ಮತ್ತು ಸ್ಥಳೀಯ ಸಂಸ್ಥೆಗಳು ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡಾಗಲೇ ಅದಕ್ಕೆ ಬಲ. ಸೇರಿಸಿಕೊಂಡ ಮೇಲೂ ಸ್ಥಳಕ್ಕೆ ಹೋಗಿ ನೋಡುವವರು ಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2001ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅಹ್ಮದಾಬಾದಿನ ಬಹುಮಹಡಿ ಕಟ್ಟಡಗಳೂ ಉರುಳಿದವು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಬಿದ್ದು 19 ಜನ ಪ್ರಾಣ ಕಳೆದುಕೊಂಡರು. ನಿರ್ಮಾಣ ಹಂತದಲ್ಲೇ ಕಟ್ಟಡ ಬಿದ್ದಾಗ ಮೊದಲು ಸಿಲುಕುವವರು ನಕ್ಷೆ ಬರೆದವರಲ್ಲ, ಹಣ ಹಾಕಿದವರಲ್ಲ, ದಿನಗೂಲಿಗೆ ಬಂದವರು.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ನಿರ್ಮಾಣದ ಅವಧಿಯಲ್ಲಿ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಪರಿಶೀಲಿಸಿ ದಾಖಲೆ ಇಡಬೇಕು ಎಂದು ನಿರ್ದೇಶಿಸಿತು. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದೂ ಹೇಳಿತು. ಆದೇಶ ಒಳ್ಳೆಯದೇ. ಅದನ್ನು ನಡೆಸುವ ಕಣ್ಣುಗಳು ಎಲ್ಲಿಂದ ಬರಬೇಕು?

ಅವು ಬರಬೇಕಾದದ್ದು ನಮ್ಮ ಮನೆಗಳಿಂದಲೇ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷಗಳ ಸಿವಿಲ್ ಡಿಪ್ಲೊಮಾ ಇದೆ. ಕಿರಿಯ ಎಂಜಿನಿಯರ್ ಹುದ್ದೆಯ ದಾರಿ ತೆರೆಯುವುದು ಅಲ್ಲಿಂದ. ಗಾರೆ ಕೆಲಸದ ಅಪ್ಪನ ಜೊತೆ ಬೆಳೆದ ಹುಡುಗನೋ ಹುಡುಗಿಯೋ ಈ ವಿದ್ಯೆ ಕಲಿತರೆ, ಬೇರೆಯಾದ ಕೈ ಮತ್ತು ಕಣ್ಣು ಮತ್ತೆ ಒಂದೇ ವ್ಯಕ್ತಿಯಲ್ಲಿ ಕೂಡುತ್ತವೆ. ಅಂಥವರಿಗೆ ಕಂಬಿಯ ಲೆಕ್ಕವೂ ಗೊತ್ತಿರುತ್ತದೆ, ಕೆಳಗೆ ನಿಂತು ಕಲ್ಲು ಹೊರುವವರ ಬದುಕೂ ಗೊತ್ತಿರುತ್ತದೆ. ಮನೆ ಕಟ್ಟಿಸುವ ನಾವೂ ಮುಹೂರ್ತ ಕೇಳುವಷ್ಟೇ ಶ್ರದ್ಧೆಯಿಂದ ಕಾಂಕ್ರೀಟಿನ ಪರೀಕ್ಷಾ ವರದಿಯನ್ನು ಕೇಳಬೇಕು.