ಬಿಗಿಗೈ, ಸಡಿಲಗೈ: ಪೋಕರ್ ಆಟದ ಒಂದು ಹಳೆಯ ವಾದ

ಪೋಕರ್ ಆಟದ ಇತಿಹಾಸವನ್ನು ಓದುವಾಗ ನಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಕೈಗೆ ಬಂದ ಎಲೆಗಳಲ್ಲಿ ಯಾವುದನ್ನು ಆಡಬೇಕು, ಯಾವುದನ್ನು ಬಿಡಬೇಕು? ಒಳ್ಳೆಯ ಎಲೆ ಬರುವವರೆಗೆ ಕಾದು, ಉಳಿದುದನ್ನೆಲ್ಲ ಕೆಳಗಿಡುವವನು ಬಿಗಿ ಆಟಗಾರ. ಸಾಧಾರಣ ಎಲೆ ಹಿಡಿದೇ ಕಣಕ್ಕಿಳಿಯುವವನು ಸಡಿಲ ಆಟಗಾರ. ಅಮೆರಿಕದಲ್ಲಿ ಈ ಎರಡು ದಾರಿಗಳಿಗೂ ಘನವಾದ ವಕ್ತಾರರು ದೊರೆತರು.

ಬಿಗಿ ಪಂಥದ ಪ್ರಸಿದ್ಧ ಗುರು ಹರ್ಬರ್ಟ್ ಯಾರ್ಡ್ಲಿ. ಇಂಡಿಯಾನಾದ ಸಣ್ಣ ಊರೊಂದರ ಮದ್ಯದಂಗಡಿಗಳಲ್ಲಿ ಆಟ ಕಲಿತ ಈತನ ವೃತ್ತಿ ಗುಪ್ತಲಿಪಿಗಳನ್ನು ಭೇದಿಸುವುದು. 1921–22ರ ವಾಷಿಂಗ್ಟನ್ ನೌಕಾ ಸಮ್ಮೇಳನದ ವೇಳೆ ಆತನ ಕಚೇರಿ ಜಪಾನಿನ ರಹಸ್ಯ ತಂತಿಗಳನ್ನು ಓದಿತು. ಹತ್ತಕ್ಕೆ ಆರರ ಅನುಪಾತಕ್ಕೂ ಜಪಾನ್ ಒಪ್ಪಬಹುದೆಂಬುದು ತಿಳಿದುದರಿಂದ ಅಮೆರಿಕ ತನ್ನ ಪಟ್ಟು ಬಿಡಲಿಲ್ಲ. ಎದುರಾಳಿಯ ಎಲೆ ಕಂಡ ಮೇಲೆ ಪಣ ಒಡ್ಡುವುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? 1957ರಲ್ಲಿ ಪ್ರಕಟವಾದ ಆತನ ‘ದಿ ಎಜುಕೇಷನ್ ಆಫ್ ಎ ಪೋಕರ್ ಪ್ಲೇಯರ್’ ಕೃತಿಯ ಉಪದೇಶದ ಸಾರವೂ ಅದೇ: ಗೆಲ್ಲುವ ಭರವಸೆಯಿಲ್ಲದ ಎಲೆಗೆ ಹಣ ಹಾಕಬಾರದು.

ಆದರೆ ಕಾಯುವುದಕ್ಕೂ ಬೆಲೆಯಿದೆ. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಮೊದಲ ಎರಡು ಎಲೆಗಳು 1,326 ಬಗೆಯಲ್ಲಿ ಬರಬಲ್ಲವು. ಜೋಡಿ ಬರುವುದು ಸರಾಸರಿ 17 ಸಲಕ್ಕೊಮ್ಮೆ. ಎಕ್ಕದ ಜೋಡಿಯಾದರೋ 221 ಸಲಕ್ಕೊಮ್ಮೆ. ಅಷ್ಟರಲ್ಲಿ ಕಡ್ಡಾಯದ ಪಣಗಳು ಗಂಟನ್ನು ಕರಗಿಸುತ್ತವೆ. ಅಂತೂ ಅವನು ಹಣ ಮುಂದಿಟ್ಟಾಗ, ಅವನ ಸ್ವಭಾವ ಬಲ್ಲವರು ಎಲೆ ಕೆಳಗಿಟ್ಟು ನಗುತ್ತಾರೆ.

ಈ ದೌರ್ಬಲ್ಯವನ್ನು ಹಿಡಿದವನು ಟೆಕ್ಸಾಸಿನ ಡಾಯ್ಲ್ ಬ್ರನ್ಸನ್. 1976 ಮತ್ತು 1977ರಲ್ಲಿ ಲಾಸ್ ವೇಗಸ್‌ನ ವಿಶ್ವ ಸರಣಿಯ ಪ್ರಧಾನ ಸ್ಪರ್ಧೆಯನ್ನು ಆತ ಗೆದ್ದಾಗ, ಎರಡು ಸಲವೂ ಕೊನೆಯ ಆಟದಲ್ಲಿ ಕೈಯಲ್ಲಿದ್ದುದು ಹತ್ತು ಮತ್ತು ಎರಡು. ಕಣದಲ್ಲಿ ಇಬ್ಬರೇ ಉಳಿದಾಗ ಎಲೆಗಳ ಬೆಲೆ ಬದಲಾಗುತ್ತದೆಯಾದ್ದರಿಂದ ಇದನ್ನು ಸಡಿಲ ಆಟದ ಪ್ರಮಾಣವೆಂದು ನಾವು ಎತ್ತಿಹಿಡಿಯಲಾರೆವು. ಅದಕ್ಕಿಂತ ಮುಖ್ಯವಾದುದು ಆತನ ‘ಸೂಪರ್ ಸಿಸ್ಟಮ್’ ಗ್ರಂಥದ ಬೋಧನೆ: ಮೇಲೆ ಬಿದ್ದು ಆಡು, ಎದುರಾಳಿಯ ಅಂಜಿಕೆಯಿಂದ ಸಣ್ಣ ಸಣ್ಣ ಮೊತ್ತಗಳನ್ನು ಗೆಲ್ಲು.

ಈ ವಾದವನ್ನು ಗಣಿತಜ್ಞ ಜಾನ್ ಫಾನ್ ನಾಯ್ಮನ್ ಮೊದಲೇ ಬೇರೊಂದು ನೆಲೆಗೆ ಒಯ್ದಿದ್ದನು. ಮಾರ್ಗೆನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪೋಕರಿನ ಹುಸಿಪಣ ಕೇವಲ ಎದೆಗಾರಿಕೆಯಲ್ಲ, ಲೆಕ್ಕದ ಅಗತ್ಯವೆಂದು ಆತ ತೋರಿಸಿದನು. ನಡುವೆ ನೂರು ರೂಪಾಯಿ ಇದೆಯೆನ್ನೋಣ. ಕೊನೆಯ ಸುತ್ತಿನಲ್ಲಿ ನಾವು ಇನ್ನೂ ನೂರು ಒಡ್ಡುತ್ತೇವೆ. ಎದುರಾಳಿ ನೂರು ಹಾಕಿದರೆ ಇನ್ನೂರು ಗೆಲ್ಲಬಹುದು. ಆದ್ದರಿಂದ ಇಂಥ ಮೂರು ಪಣಗಳಲ್ಲಿ ಒಂದು ಹುಸಿಯಾಗಿದ್ದರೆ ಅವನು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಹುಸಿ ಅದಕ್ಕಿಂತ ಕಡಿಮೆಯಾದರೆ ಅವನು ಎಲೆ ಬಿಟ್ಟು ಉಳಿಯುತ್ತಾನೆ. ಹೆಚ್ಚಾದರೆ ಹಣ ಹಾಕಿ ಗೆಲ್ಲುತ್ತಾನೆ. ಬಿಗಿಗೂ ಸಡಿಲಿಕೆಗೂ ಹೀಗೆ ಒಂದು ಹದವುಂಟು.

ಆದರೆ ಲೆಕ್ಕದ ಹದ ಬದುಕಿನ ಹದವಲ್ಲ. 1980, 1981 ಹಾಗೂ 1997ರಲ್ಲಿ ಅದೇ ಸ್ಪರ್ಧೆಯನ್ನು ಗೆದ್ದ ಸ್ಟೂ ಉಂಗರ್, ಎದುರಾಳಿಗಳನ್ನು ಉಸಿರಾಡಲು ಬಿಡದ ಆಕ್ರಮಣಕಾರಿ ಆಟಕ್ಕೆ ಹೆಸರಾದವನು. ಮೇಜಿನ ಮೇಲೆ ಅವನ ಸಡಿಲಗೈಯ ಹಿಂದೆ ಅಸಾಧಾರಣ ಲೆಕ್ಕವಿತ್ತು. ಮೇಜು ಬಿಟ್ಟೆದ್ದರೆ ಆ ಲೆಕ್ಕವಿರಲಿಲ್ಲ. ಗೆದ್ದುದೆಲ್ಲ ಜೂಜಿಗೂ ಮಾದಕ ವ್ಯಸನಕ್ಕೂ ಹೋಯಿತು. ಮೂರನೆಯ ಗೆಲುವಿನ ಮರುವರ್ಷವೇ, 45ನೆಯ ವಯಸ್ಸಿನಲ್ಲಿ, ಲಾಸ್ ವೇಗಸ್‌ನ ಅಗ್ಗದ ವಸತಿಗೃಹವೊಂದರಲ್ಲಿ ಅವನು ಸತ್ತುಬಿದ್ದಿದ್ದ.

ಯಾವ ಶೈಲಿ ಮೇಲು ಎಂಬುದಕ್ಕೆ ಮೇಜಿನ ಸುತ್ತ ಕುಳಿತವರನ್ನು ನೋಡಿ ಉತ್ತರಿಸಬೇಕು: ಅಂಜುವವರ ನಡುವೆ ಸಡಿಲಗೈ, ಅಂಜದವರ ನಡುವೆ ಬಿಗಿಗೈ. ಆದರೆ ಯಾವ ಶೈಲಿಯೂ ಕಲಿಸದ ಒಂದು ವಿದ್ಯೆಯಿದೆ. ದ್ಯೂತಸಭೆಯಲ್ಲಿ ಧರ್ಮರಾಯನಿಗೂ ಅದೇ ಕೊರತೆಯಾಗಿತ್ತು: ಎದ್ದು ಬರುವ ವಿದ್ಯೆ.